ಚರ್ಮಗಂಟು ರೋಗ ಬಂದ ಹಸುವಿನ ಹಾಲು ಕುಡಿದರೆ ನಮಗೂ ರೋಗ ಬರುತ್ತದೆಯೇ?

ಮೈತುಂಬ ಗಂಟೆದ್ದ ಹಸುವಿನ ಫೋಟೋ. ಕೆಳಗೆ, ಇದರ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಬರುತ್ತದೆ, ಎಲ್ಲರಿಗೂ ತಿಳಿಸಿ ಎಂಬ ಎಚ್ಚರಿಕೆ. 2022ರಲ್ಲಿ ಚರ್ಮಗಂಟು ರೋಗ ದೇಶದ ಹಲವು ರಾಜ್ಯಗಳಲ್ಲಿ ಹರಡಿದಾಗ ಇಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡಿದವು. ಇದರಲ್ಲಿ ನಿಜವೆಷ್ಟು? ನಾವು ಪರಿಶೀಲಿಸಿದ್ದೇವೆ.

ಮನುಷ್ಯರಿಗೆ ಹರಡುತ್ತದೆಯೇ?

ಇಲ್ಲ. ಇದು ಕುರಿ ಮತ್ತು ಮೇಕೆ ಸಿಡುಬಿನ ವೈರಸ್‌ಗಳ ಗುಂಪಿಗೆ ಸೇರಿದ ವೈರಸ್‌ನಿಂದ ಬರುವ ರೋಗ. ಕಾಡುವುದು ಮುಖ್ಯವಾಗಿ ದನಗಳನ್ನು, ಸ್ವಲ್ಪ ಮಟ್ಟಿಗೆ ಎಮ್ಮೆಗಳನ್ನು. ಹರಡುವುದು ಹೆಚ್ಚಾಗಿ ಸೊಳ್ಳೆ, ಕಚ್ಚುವ ನೊಣ ಮತ್ತು ಉಣ್ಣೆಗಳಿಂದ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಹಾಗಾದರೆ ಹಾಲು?

ಚೆನ್ನಾಗಿ ಕುದಿಸಿದ ಹಾಲನ್ನು ಕುಡಿಯಬಹುದು. ಹಸಿ ಹಾಲು ಮಾತ್ರ ಯಾವ ಹಸುವಿನದ್ದೂ ಬೇಡ. ಬ್ರುಸೆಲ್ಲೋಸಿಸ್‌ನಂಥ ಬೇರೆ ರೋಗಗಳು ಅದರಿಂದ ಬರಬಹುದು. ಇನ್ನೊಂದು ವಿಷಯ ನೆನಪಿಡಿ: ಹಸುವಿಗೆ ಆಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಬಳಸಬೇಡಿ, ಡೇರಿಗೂ ಹಾಕಬೇಡಿ. ಕುದಿಸಿದರೂ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ.

ಲಸಿಕೆ ಹಾಕಿಸಿದ್ದರಿಂದಲೇ ರೋಗ ಬಂತೇ?

ಈ ಅನುಮಾನಕ್ಕೆ ಕಾರಣವಿದೆ. ವೈರಸ್ ಮೈಸೇರಿ ಗಂಟು ಕಾಣಿಸಿಕೊಳ್ಳಲು ಕೆಲವೊಮ್ಮೆ ನಾಲ್ಕು ವಾರ ಬೇಕು. ಲಸಿಕೆಯಿಂದ ಪೂರ್ತಿ ರಕ್ಷಣೆ ಸಿಗಲೂ ಸುಮಾರು ಮೂರು ವಾರ ಹಿಡಿಯುತ್ತದೆ. ಈ ನಡುವೆ ರೋಗ ಕಂಡರೆ ತಪ್ಪು ಲಸಿಕೆಯದ್ದು ಅನ್ನಿಸುವುದು ಸಹಜ. ಭಾರತದಲ್ಲಿ ಇದಕ್ಕೆ ಬಳಸಿದ ಮೇಕೆ ಸಿಡುಬಿನ ಲಸಿಕೆಯಲ್ಲಿ ಚರ್ಮಗಂಟು ರೋಗದ ವೈರಸ್ಸೇ ಇಲ್ಲ. ಆದ್ದರಿಂದ ಅಕ್ಕಪಕ್ಕದ ಊರಿಗೆ ರೋಗ ಬರುವ ಮೊದಲೇ, ಆರೋಗ್ಯವಾಗಿರುವ ದನಗಳಿಗೆ ಲಸಿಕೆ ಹಾಕಿಸಿ.

ಮನೆಮದ್ದು ಸಾಕೇ?

ವೀಳ್ಯದೆಲೆ, ಕಾಳುಮೆಣಸು, ಬೆಲ್ಲದ ಮದ್ದನ್ನು ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯೂ ಸೂಚಿಸಿದೆ. ಕೊಡಬಹುದು. ಆದರೆ ಅದು ಲಸಿಕೆಗೆ ಬದಲಿಯಲ್ಲ, ವೈದ್ಯರಿಗೂ ಬದಲಿಯಲ್ಲ. ಈ ವೈರಸ್ಸನ್ನೇ ಕೊಲ್ಲುವ ಔಷಧ ಸದ್ಯ ಬಳಕೆಯಲ್ಲಿಲ್ಲ. ಜ್ವರ ಇಳಿಸಿ, ಹುಣ್ಣು ಕೊಳೆಯದಂತೆ ನೋಡಿಕೊಳ್ಳುವುದೇ ಚಿಕಿತ್ಸೆ.

ರೈತರು ಏನು ಮಾಡಬೇಕು?

• ಜ್ವರ, ಗಂಟು, ಮೂಗು-ಕಣ್ಣಲ್ಲಿ ನೀರು ಕಂಡ ಕೂಡಲೇ ಹಸುವನ್ನು ಬೇರೆ ಕಟ್ಟಿ. ಮೇವು, ನೀರಿನ ತೊಟ್ಟಿಯೂ ಬೇರೆಯಿರಲಿ.
• ಕೊಟ್ಟಿಗೆಯಲ್ಲಿ ಸಗಣಿ, ನೀರು ನಿಲ್ಲಲು ಬಿಡಬೇಡಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ.
• ರೋಗದ ಹಸುವನ್ನು ಸಂತೆಗೆ ಒಯ್ಯಬೇಡಿ, ಮಾರಬೇಡಿ.
• ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

ಸಂದೇಶ ಸುಳ್ಳು. ಎರಡು ಹಸು ಕಟ್ಟಿ, ಡೇರಿಯ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟುವ ಮನೆಗಳಿವೆ. ಹಸು ಮಲಗಿದಾಗಲೇ ಅವರ ಅರ್ಧ ಆದಾಯ ಹೋಗಿರುತ್ತದೆ. ಉಳಿದ ಅರ್ಧವನ್ನು ನಮ್ಮ ಒಂದು ಫಾರ್ವರ್ಡ್ ಕಸಿಯದಿರಲಿ. ಆ ಫೋಟೋ ಮತ್ತೆ ಬಂದರೆ, ಕಳುಹಿಸಿದವರಿಗೆ ಈ ಮಾಹಿತಿಯನ್ನು ಕಳುಹಿಸಿ.