ಕೆಂಪು ಕಟ್ಟಡದೊಳಗೆ ಕಿಂಡಲ್ ಹುಡುಕುತ್ತ

ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅಂದರೆ ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರ ಹೆಸರಿನ ಈ ಕೆಂಪು ಕಟ್ಟಡಕ್ಕೆ ಬಂದದ್ದು ಒಂದೇ ಕುತೂಹಲಕ್ಕೆ: ಇಲ್ಲಿ ಓದಲು ಬರುವ ಹುಡುಗ ಹುಡುಗಿಯರ ಕೈಯಲ್ಲಿ ಇ-ರೀಡರ್ ಇದೆಯೆ?

ಮೊದಲನೆಯದು ಸಿಕ್ಕಿದ್ದು ಹೊರಗೆ, ಕಲ್ಲುಬೆಂಚಿನ ಮೇಲೆ. ಎಂಜಿನಿಯರಿಂಗ್ ಹುಡುಗ, ಮಡಿಲಲ್ಲಿ ಅಮೆಜಾನ್‌ನ ಕಿಂಡಲ್. "ಈ ಬಿಸಿಲಲ್ಲಿ ಮೊಬೈಲ್ ಕಾಣಲ್ಲ ಸರ್, ಇದು ಕಾಣುತ್ತೆ" ಎಂದ. ನಿಜ. ಇದರ ಪರದೆಗೆ ಹಿಂದಿನಿಂದ ಬೆಳಕಿಲ್ಲ. ಕಪ್ಪು ಬಿಳಿ ಬಣ್ಣದ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಸರಿದು ಅಕ್ಷರವಾಗಿ ನಿಲ್ಲುತ್ತವೆ. ಕಣ ಸರಿಯುವಾಗಷ್ಟೇ ಕರೆಂಟು ಬೇಕಾದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಓದುತ್ತಿದ್ದದ್ದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಮತ್ತೆ ಪಠ್ಯ? ಚೀಲದಿಂದ ಸ್ಪೈರಲ್ ಬೈಂಡ್ ಮಾಡಿಸಿದ ಜೆರಾಕ್ಸ್ ತೆಗೆದು ತೋರಿಸಿ ನಕ್ಕ.

ಒಳಗೆ ಬೇರೆಯದೇ ಲೋಕ. ಸ್ಪರ್ಧಾತ್ಮಕ ಪರೀಕ್ಷೆಯವರೇ ಹೆಚ್ಚು. ಮಾತಾಡಿದರೆ ತಿರುಗಿ ನೋಡುತ್ತಾರೆ. ಕೆಎಎಸ್‌ಗೆ ಓದುತ್ತಿದ್ದ ಯುವತಿಯೊಬ್ಬಳು ದಪ್ಪ ಭೂಗೋಳದ ಪುಸ್ತಕದಲ್ಲಿ ಮೂರು ಕಡೆ ಮೂರು ಬೆರಳು ಸಿಕ್ಕಿಸಿಕೊಂಡಿದ್ದಳು: ಪಾಠಕ್ಕೊಂದು, ನಕ್ಷೆಗೊಂದು, ಹಿಂದಿನ ಪ್ರಶ್ನೆಗಳಿಗೊಂದು. ಕಿಂಡಲ್ ಬೇಡವೇ ಎಂದರೆ "ಅದರಲ್ಲಿ ಬೆರಳು ಎಲ್ಲಿಡ್ಲಿ?" ಎಂದು ಪಿಸುಗುಟ್ಟಿದಳು. 2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮೂರು ತರಗತಿಗಳಿಗೆ ಕಿಂಡಲ್ ಡಿಎಕ್ಸ್ ಹಂಚಿ ನೋಡಿದಾಗಲೂ ತಕರಾರು ಹೆಚ್ಚುಕಡಿಮೆ ಇದೇ: ಅಂಚಿನಲ್ಲಿ ಸಲೀಸಾಗಿ ಗೀಚಲಾಗದು, ಪುಟಸಂಖ್ಯೆ ಇಲ್ಲ. ಆಮೇಲೆ ಪೆನ್ನಿನಿಂದ ಬರೆಯಬಲ್ಲ ಮಾದರಿಗಳು ಬಂದವು, ಬೆಲೆಯೂ ಏರಿತು. ಬೆರಳಿನ ಸಮಸ್ಯೆ ಹಾಗೇ ಉಳಿಯಿತು.

ಕನ್ನಡ ಮಾಧ್ಯಮದವರ ಕಷ್ಟ ಇನ್ನೊಂದು ಬಗೆಯದು, ನನಗೆ ಹೆಚ್ಚು ಮುಖ್ಯವೆನಿಸಿದ್ದೂ ಅದೇ. ಕಿಟಕಿ ಬಳಿಯ ಇತಿಹಾಸ ಎಂ.ಎ. ವಿದ್ಯಾರ್ಥಿ ಗೆಳೆಯನ ಕಿಂಡಲ್‌ನಲ್ಲಿ ಕನ್ನಡ ಪಿಡಿಎಫ್ ಓದಲು ಹೋಗಿ ಕೈಬಿಟ್ಟವನು. ಸ್ಕ್ಯಾನ್ ಮಾಡಿದ ಪುಟವೆಂದರೆ ಬರೀ ಚಿತ್ರ. ಆರಂಗುಲದ ಪರದೆಗೆ ಕುಗ್ಗಿಸಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ, ಹಿಗ್ಗಿಸಿದರೆ ಅರ್ಧ ಸಾಲು ಆಚೆ. 2016ರಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಇ-ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. 2020ರಲ್ಲಿ ಬಂದ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕ ಸಿಗುತ್ತದೆ, ಆದರೆ ಓದಬೇಕಾದ್ದು ಫೋನಿನಲ್ಲಿ. ಫೋನು ತೆರೆದರೆ ವಾಟ್ಸ್‌ಆ್ಯಪ್ ಕರೆಯುತ್ತದಲ್ಲ!

ದುಡ್ಡು ಕೂಡಿದರೆ ಸ್ವಂತದ್ದೊಂದು ಕಿಂಡಲ್ ಕೊಳ್ಳುತ್ತೀಯಾ ಎಂದು ಆ ಎಂ.ಎ. ಹುಡುಗನನ್ನು ಕೇಳಿದೆ.

"ಅಷ್ಟು ಸಾವಿರ ಕೊಟ್ಟು ಇಂಗ್ಲಿಷ್ ಕಾದಂಬರಿ ಓದೋದಾ ಸರ್? ಟೆಸ್ಟ್ ಸೀರೀಸ್ ಫೀಸೇ ಇನ್ನೂ ಕಟ್ಟಿಲ್ಲ."