ನೆರೆಯವರು ಉಳಿಸುವ ವ್ರತ

ದಶಲಕ್ಷಣ ಪರ್ವ ಮುಗಿದು ಆಶ್ವಯುಜ ಕಾಲಿಡುವ ವೇಳೆಗೆ ಹಗಲು ಕಿರಿದಾಗತೊಡಗುತ್ತದೆ. ತುಮಕೂರು ಸೀಮೆಯಲ್ಲಿ ಜುಲೈ ತಿಂಗಳಲ್ಲಿ ಸಂಜೆ 6.50ರ ಸುಮಾರಿಗೆ ಅಸ್ತಮಿಸುವ ಸೂರ್ಯನು ನವೆಂಬರ್ ನಡುವಿನಲ್ಲಿ 5.50ರ ಸುಮಾರಿಗೇ ಮರೆಯಾಗುತ್ತಾನೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಶ್ರಾವಕರಿಗೆ ಈ ಒಂದು ಗಂಟೆ ಸಣ್ಣದಲ್ಲ. ತುಮಕೂರಿನಲ್ಲಿ ದುಡಿದು ಗುಬ್ಬಿಗೋ ಕುಣಿಗಲಿಗೋ ಬಸ್ಸಿನಲ್ಲಿ ಮರಳುವ ಮಗ, ಸೊಸೆ ಮನೆ ಸೇರುವ ಮೊದಲೇ ಕತ್ತಲಾಗುತ್ತದೆ. ಒಲೆಯ ಮುಂದೆ ನಿಲ್ಲಲಾರದ ವೃದ್ಧ ತಾಯಿ ಹಸಿದೇ ಮಲಗಬೇಕಾದೀತು. ನೆರೆಮನೆಯಾಕೆ ಹೊತ್ತಿರುವಾಗಲೇ ಅನ್ನ, ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾರು ತಂದಿಟ್ಟರೆ ಆ ತಾಯಿಯ ವ್ರತವೂ ಉಳಿಯುತ್ತದೆ, ಹಸಿವೂ ನೀಗುತ್ತದೆ. ಆಕೆ ಜೈನಳೇ ಆಗಿರಬೇಕೆಂದಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ದ್ರವ್ಯಗಳ ಉಪಕಾರವನ್ನು ವಿವರಿಸಿದ್ದಾರೆ. ಧರ್ಮದ್ರವ್ಯವು ಗತಿಗೆ, ಆಕಾಶವು ಅವಕಾಶಕ್ಕೆ ನೆರವಾಗುವಂತೆ, ಜೀವರು ಒಬ್ಬರಿಗೊಬ್ಬರು ಉಪಕಾರಿಗಳಾಗುತ್ತಾರೆ. ಇಲ್ಲಿ ಉಪಕಾರವು ಪರಸ್ಪರವೆಂಬುದನ್ನು ಮರೆಯಬಾರದು. ಅನ್ನ ಪಡೆದ ಮನೆಯವರು ನೆರೆಯ ಮಕ್ಕಳಿಗೆ ಪಾಠ ಹೇಳಿಕೊಡಬಹುದು. ಕಾಯಿಲೆಯ ದಿನ ಆಸ್ಪತ್ರೆಗೆ ಜೊತೆಯಾಗಬಹುದು. ಹಾಗಾದಾಗ ಕೊಟ್ಟವರಿಗೆ ಹಮ್ಮಿಲ್ಲ, ಪಡೆದವರಿಗೆ ಸಂಕೋಚವಿಲ್ಲ.

ಮಂದರಗಿರಿಯನ್ನೇರಿ ಜಿನದರ್ಶನ ಮಾಡುವುದು ಪುಣ್ಯಕಾರ್ಯ. ಹೊತ್ತು ಮುಳುಗುವ ಮುನ್ನ ಪಕ್ಕದ ಮನೆಯ ಹಿರಿಯರನ್ನು ‘ಊಟವಾಯಿತೇ?’ ಎಂದು ವಿಚಾರಿಸುವುದೂ ಧರ್ಮವೇ.