ಅಂಚೆ ವಿಳಾಸದಿಂದ ನಕಾಶೆಯ ಬಿಂದುವಿಗೆ: ನಿಖರತೆ ಮತ್ತು ಬಳಕೆಯ ಷರತ್ತುಗಳು

ಅಂಚೆ ವಿಳಾಸವನ್ನು ಅಕ್ಷಾಂಶ-ರೇಖಾಂಶಗಳಾಗಿ ಪರಿವರ್ತಿಸುವ ಕ್ರಿಯೆಗೆ ಜಿಯೋಕೋಡಿಂಗ್ ಎನ್ನಲಾಗುತ್ತದೆ. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ತಡಸದಂತಹ ಗ್ರಾಮಗಳಲ್ಲಿ ವಿಳಾಸವೆಂದರೆ ಸಾಮಾನ್ಯವಾಗಿ ಹೆಸರು, ಓಣಿ, ಊರು, ತಾಲ್ಲೂಕು ಹಾಗೂ ಪಿನ್‌ಕೋಡ್. ಅಂಚೆ ಪೇದೆಗೆ ಇಷ್ಟು ಸಾಕು, ಗಣಕಯಂತ್ರಕ್ಕೆ ಸಾಲದು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್‌ನ ಮೊದಲ ಮೂರು ಅಂಕಿಗಳು ವಿಂಗಡಣಾ ಜಿಲ್ಲೆಯನ್ನೂ, ಕೊನೆಯ ಮೂರು ವಿತರಣಾ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ, ಮನೆಯನ್ನಲ್ಲ. ಒಂದೇ ಸಂಖ್ಯೆಯಡಿ ಹಲವು ಗ್ರಾಮಗಳಿರುವಲ್ಲಿ, ಪಿನ್‌ಕೋಡ್‌ನಿಂದ ಮಾತ್ರ ಪಡೆದ ಬಿಂದುವು ಮನೆಯಿಂದ ಕಿಲೋಮೀಟರುಗಳಷ್ಟು ದೂರವಿರಬಹುದು. ಗ್ರಾಮವಾರು ಎಣಿಕೆಗೂ ಇದು ಸಾಲದು. ಆಂಬುಲೆನ್ಸ್ ಕಳುಹಿಸಲು ಇದನ್ನು ಬಳಸುವುದು ಅಪಾಯಕರ.

ಹೆಸರುಗಳಿಂದಲೂ ತೊಡಕುಂಟು. ರೋಮನ್ ಲಿಪಿಯಲ್ಲಿ ತಡಸವನ್ನು ಕೊನೆಯ ‘ಎ’ ಅಕ್ಷರ ಸೇರಿಸಿಯೂ ಬಿಟ್ಟೂ ಬರೆಯಲಾಗುತ್ತದೆ. ಸವಣೂರು ಎಂಬ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಇದೆ. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವುದಕ್ಕೆ ಮುಂಚಿನ ದಾಖಲೆಗಳಲ್ಲಿ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳು ಧಾರವಾಡ ಜಿಲ್ಲೆಯೆಂದೇ ನಮೂದಾಗಿವೆ. ನಂತರ ಹಿರೇಕೆರೂರಿನಿಂದ ರಟ್ಟೀಹಳ್ಳಿ ತಾಲ್ಲೂಕು ಬೇರ್ಪಟ್ಟಿತು. ಇಂತಹ ವಿಳಾಸ ಹೊಂದಿಕೆಯಾಗದಿದ್ದಾಗ ಕೆಲವು ತಂತ್ರಾಂಶಗಳು ತಾಲ್ಲೂಕಿನ ಅಥವಾ ಜಿಲ್ಲೆಯ ಮಧ್ಯಬಿಂದುವನ್ನೇ ಉತ್ತರವಾಗಿ ನೀಡುತ್ತವೆ. ದಶಮಾಂಶದ ನಂತರ ಆರು ಅಂಕಿಗಳಿದ್ದ ಮಾತ್ರಕ್ಕೆ ಅದು ನಿಖರವಾಗದು. ಆದುದರಿಂದ ಪ್ರತಿ ಬಿಂದುವಿನೊಂದಿಗೆ ಅದು ಮನೆಯದೋ, ಗ್ರಾಮದ್ದೋ, ಪಿನ್‌ಕೋಡ್‌ನದೋ ಎಂಬುದನ್ನು ದಾಖಲಿಸತಕ್ಕದ್ದು.

ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಡಿಜಿಪಿನ್, ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ 10 ಅಕ್ಷರಾಂಕಗಳ ಸಂಕೇತ ನೀಡುತ್ತದೆ. ಅದು ಅಂಚೆ ವಿಳಾಸಕ್ಕೆ ಪೂರಕವೇ ಹೊರತು ಬದಲಿಯಲ್ಲ. ತಪ್ಪು ಬಿಂದುವನ್ನು ಕೊಟ್ಟರೆ ಬರುವ ಸಂಕೇತವೂ ತಪ್ಪೇ.

ಪರವಾನಗಿಯ ವಿಷಯ ಅನೇಕರ ಗಮನಕ್ಕೆ ಬರುವುದು ಕೆಲಸ ಮುಗಿದ ಮೇಲೆ. ಖಾಸಗಿ ನಕಾಶೆ ಸೇವೆಗಳ ಕರಾರುಗಳು ಸಾಮಾನ್ಯವಾಗಿ ಬಿಂದುಗಳನ್ನು ಶಾಶ್ವತವಾಗಿ ಸಂಗ್ರಹಿಸುವುದನ್ನು ಅಥವಾ ಬೇರೆ ನಕಾಶೆಯ ಮೇಲೆ ತೋರಿಸುವುದನ್ನು ನಿರ್ಬಂಧಿಸುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಯಾರೂ ಬಳಸಬಹುದು. ಆದರೆ ಮೂಲವನ್ನು ಹೆಸರಿಸಬೇಕು, ಅದರಿಂದ ರೂಪಿಸಿದ ದತ್ತಸಂಚಯವನ್ನು ಸಾರ್ವಜನಿಕವಾಗಿ ಬಳಸಿದಲ್ಲಿ ಅದೇ ಪರವಾನಗಿಯಡಿ ಒದಗಿಸಬೇಕು. ಭಾರತ ಸರ್ಕಾರದ 2017ರ ಮುಕ್ತ ದತ್ತಾಂಶ ಪರವಾನಗಿಯಡಿ ದೊರೆಯುವ ಮಾಹಿತಿಗೆ ಮೂಲದ ಉಲ್ಲೇಖ ಸಾಕು. ವೈಯಕ್ತಿಕ ಮಾಹಿತಿಗೆ ಸದರಿ ಪರವಾನಗಿ ಅನ್ವಯಿಸುವುದಿಲ್ಲ.

ಮೂರೂ ಮೂಲಗಳ ಬಿಂದುಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಿದ ನಂತರ ಯಾವುದು ಎಲ್ಲಿಯದೆಂದು ಬೇರ್ಪಡಿಸುವುದು ಬಹುತೇಕ ಅಸಾಧ್ಯ. ಪಂಚಾಯಿತಿಗಳು ಹಾಗೂ ಸಂಘ-ಸಂಸ್ಥೆಗಳು ಮೂಲ, ಪರವಾನಗಿ ಮತ್ತು ಪಡೆದ ದಿನಾಂಕಗಳಿಗೆ ಪ್ರತ್ಯೇಕ ಕಾಲಂಗಳನ್ನು ಮೊದಲ ದಿನದಿಂದಲೇ ಇರಿಸುವುದು ಸೂಕ್ತ.